ಮಿಸ್ ಹೊಡೆಯುವ ಎಂಜಿನ್: ಪಾರ್ಟ್ ಬದಲಿಸುವ ಮೊದಲು ಅಳೆಯೋದು ಹೇಗೆ?

ಸೆಕೆಂಡ್ ಹ್ಯಾಂಡ್ ಸ್ಪೋರ್ಟ್ಸ್ ಕಾರು ಅಂದರೆ ನಮ್ಮ ಯಲಹಂಕ, ಹೆಬ್ಬಾಳದ ಕಡೆ ಏನರ್ಥ ಅಂತ ನಿಮಗೆ ಗೊತ್ತೇ ಇದೆ. ಹತ್ತು ಹನ್ನೆರಡು ವರ್ಷ ಹಳೆಯ ಒಂದು ಟರ್ಬೊ ಪೆಟ್ರೋಲ್ ಸೆಡಾನ್ ಅಥವಾ ಹ್ಯಾಚ್‌ಬ್ಯಾಕ್, ಕೆಎ 04 ಇಲ್ಲವೇ ಕೆಎ 50 ನಂಬರ್, ಮೂರೋ ನಾಲ್ಕೋ ಕೈ ಬದಲಾಗಿರುತ್ತೆ. ಹೊಸದರಲ್ಲಿ ಮುಟ್ಟಲಾಗದ ಬೆಲೆ ಇದ್ದದ್ದು ಈಗ ಮೊದಲ ಕೆಲಸದ ಉಳಿತಾಯಕ್ಕೆ ಸಿಗುತ್ತೆ. ಕೊಂಡ ಮೊದಲ ವಾರ ಖುಷಿ. ಎರಡನೇ ವಾರ ಚೆಕ್ ಎಂಜಿನ್ ಲೈಟ್. ಮೂರನೇ ವಾರ ಗ್ಯಾರೇಜಿನ ಎಸ್ಟಿಮೇಟ್.

ಈ ಲೇಖನ ಆ ಎರಡನೇ ಮತ್ತು ಮೂರನೇ ವಾರದ ನಡುವೆ ಏನು ಮಾಡಬೇಕು ಅನ್ನೋದರ ಬಗ್ಗೆ. ಥರ್ಮೋಡೈನಾಮಿಕ್ಸ್, ಫ್ಲೂಯಿಡ್ ಮೆಕಾನಿಕ್ಸ್ ಎಲ್ಲ ಪರೀಕ್ಷೆಗೆ ಓದಿ ಮರೆಯುವ ವಿಷಯ ಅಂದುಕೊಂಡಿರುವ ಗೆಳೆಯರು ಸ್ವಲ್ಪ ತಾಳ್ಮೆಯಿಂದ ಓದಿ. ಒಂದು ಕಾರಿನ ಕಾಯಿಲೆಯನ್ನು ಬಾನೆಟ್ ಒಳಗೆ ಕೈ ಹಾಕುವ ಮೊದಲೇ, ಕಾಗದದ ಮೇಲೆ, ಎರಡು ಸಮೀಕರಣಗಳಿಂದ ಎಲ್ಲಿಯವರೆಗೆ ಹಿಡಿಯಬಹುದು ಅಂತ ನೋಡೋಣ.

ಕಾರು ಮತ್ತು ದೂರು

ಉದಾಹರಣೆಗೆ ತೆಗೆದುಕೊಂಡಿರೋದು ನಮ್ಮ ಸಂಘದ ಹಳೆಯ ಸದಸ್ಯೆಯೊಬ್ಬರ ಕಾರು. ಆರ್‌ಟಿ ನಗರದಲ್ಲಿ ಮನೆ, ಯಲಹಂಕದ ಆಚೆ ಕೆಲಸ. ಕಂಪನಿ, ಮಾಡೆಲ್ ಹೆಸರು ಬೇಕೆಂದೇ ಬರೆಯುತ್ತಿಲ್ಲ, ಯಾಕಂದ್ರೆ ಇದು ಯಾವುದೋ ಒಂದು ಬ್ರ್ಯಾಂಡಿನ ದೋಷದ ಕಥೆ ಅಲ್ಲ. ನಿಮಗೆ ಬೇಕಾದಷ್ಟು ವಿವರ ಇಷ್ಟು: ನಾಲ್ಕು ಸಿಲಿಂಡರ್, 1.8 ಲೀಟರ್ ಟರ್ಬೊ ಪೆಟ್ರೋಲ್, ಪೋರ್ಟ್ ಇಂಜೆಕ್ಷನ್, ಪ್ರತಿ ಪ್ಲಗ್ಗಿಗೂ ಬೇರೆ ಬೇರೆ ಕಾಯಿಲ್, ಒಳಬರುವ ಗಾಳಿಯ ತೂಕ ಅಳೆಯುವ ಎಂಎಎಫ್ ಸೆನ್ಸರ್.

ದೂರುಗಳು ನಾಲ್ಕು. ಒಂದು, ಹೆಬ್ಬಾಳ ಫ್ಲೈಓವರ್ ಕೆಳಗೆ ಸಿಗ್ನಲ್ಲಿನಲ್ಲಿ ನಿಂತಾಗ ಐಡ್ಲಿಂಗ್ ಕುಣಿಯುತ್ತೆ, ಮಿಸ್ ಹೊಡೆಯುತ್ತೆ. ಎರಡು, ಹೊರಡುವಾಗ ಒಂದು ಜರ್ಕ್. ಮೂರು, ಬಾನೆಟ್ ತೆಗೆದರೆ ಸುಯ್ ಅನ್ನೋ ಸದ್ದು. ನಾಲ್ಕನೆಯದನ್ನು ಅವರು ದೂರು ಅಂತಲೇ ಹೇಳಲಿಲ್ಲ, ಕೊನೆಗೆ ಸುಮ್ಮನೆ ಸೇರಿಸಿದರು: "ಬ್ರೇಕ್ ಕೂಡ ಯಾಕೋ ಒಂದೊಂದ್ಸಲ ಗಟ್ಟಿ ಅನ್ಸುತ್ತೆ ಕಣ್ರೋ. ಪ್ಯಾಡ್ ಹಳೇದಿರ್ಬೇಕು, ಆಮೇಲೆ ಹಾಕಿಸ್ತೀನಿ."

ಒಂದು ಗ್ಯಾರೇಜಿನವರು ಸದ್ದು ಕೇಳಿ "ಟರ್ಬೊ ಹೋಗಿದೆ ಮೇಡಂ" ಅಂದಿದ್ದರು. ಇನ್ನೊಂದು ಕಡೆ ಮಿಸ್ಸಿಂಗ್ ನೋಡಿ "ಎಂಜಿನ್ ಕೆಲಸಕ್ಕೆ ಬಂದಿದೆ, ಬಿಚ್ಚಲೇಬೇಕು" ಅಂದಿದ್ದರು. ಎರಡರಲ್ಲಿ ಯಾವುದು ಮಾಡಿಸಿದರೂ ಅವರ ಎರಡು ತಿಂಗಳ ಸಂಬಳ ಹೋಗುತ್ತಿತ್ತು. "ಎತ್ತು ಈಯ್ತು ಅಂದರೆ ಕೊಟ್ಟಿಗೆಗೆ ಕಟ್ಟು" ಅನ್ನೋ ಗಾದೆ ಇದೆಯಲ್ಲ, ಪಾರ್ಟ್ ಬದಲಿಸುವ ವಿಷಯದಲ್ಲಿ ನಮ್ಮ ಊರಲ್ಲಿ ನಡೆಯೋದು ಸಾಮಾನ್ಯವಾಗಿ ಅದೇ. ಕೇಳಿದ್ದನ್ನು ಪರೀಕ್ಷಿಸುವವರು ಕಡಿಮೆ. ಮೆಕ್ಯಾನಿಕ್ ಅಣ್ಣಂದಿರ ಕಿವಿ ಬಹಳ ಚುರುಕು, ಅದನ್ನು ಯಾರೂ ಅಲ್ಲಗಳೆಯುವ ಹಾಗಿಲ್ಲ. ಆದರೆ ಒಂದೇ ಸದ್ದಿಗೆ ಐದು ಕಾರಣ ಇರಬಹುದು. ಅವುಗಳಲ್ಲಿ ಒಂದನ್ನು ಆರಿಸೋಕೆ ಕಿವಿ ಸಾಲದು, ಅಳತೆ ಬೇಕು.

ಮೊದಲ ಹೆಜ್ಜೆ: ಕೋಡ್ ಓದಿ, ಅಳಿಸಬೇಡಿ

ನಮ್ಮ ದೇಶದಲ್ಲಿ ಬಿಎಸ್-4 ಕಾರುಗಳಿಗೆ 2010ರಿಂದ ಮೊದಲ ಹಂತದ ಒಬಿಡಿ, 2013ರಿಂದ ಎರಡನೇ ಹಂತದ್ದು ಕಡ್ಡಾಯವಾಯಿತು. ಹಾಗಾಗಿ 2013ರ ನಂತರದ ಪೆಟ್ರೋಲ್ ಕಾರಿಗೆ ಸ್ಟಿಯರಿಂಗ್ ಕೆಳಗೆ ಹದಿನಾರು ಪಿನ್ನಿನ ಸಾಕೆಟ್ ಇರುತ್ತೆ. ಆನ್‌ಲೈನಿನಲ್ಲಿ ಸಿಗುವ ಅಗ್ಗದ ಬ್ಲೂಟೂತ್ ಅಡಾಪ್ಟರ್, ಮೊಬೈಲಿನಲ್ಲಿ ಒಂದು ಆ್ಯಪ್, ಇಷ್ಟು ಸಾಕು.

ಈ ಕಾರಿನಲ್ಲಿ ಬಂದದ್ದು ಎರಡು ಕೋಡ್: ಪಿ0171 ಮತ್ತು ಪಿ0302. ಮೊದಲನೆಯದರ ಅರ್ಥ ಮಿಶ್ರಣ ಲೀನ್ ಆಗಿದೆ, ಅಂದರೆ ಗಾಳಿ ಹೆಚ್ಚು, ಪೆಟ್ರೋಲ್ ಕಡಿಮೆ. ಎರಡನೆಯದು, ಎರಡನೇ ಸಿಲಿಂಡರ್ ಮಿಸ್‌ಫೈರ್ ಆಗುತ್ತಿದೆ.

ಇಲ್ಲಿ ಒಂದು ಮುಖ್ಯ ವಿಷಯ. ಕೋಡ್ ಹೇಳೋದು ಯಾವ ಅಳತೆ ಮಿತಿ ದಾಟಿದೆ ಅಂತ ಮಾತ್ರ. ಯಾವ ಪಾರ್ಟ್ ಕೆಟ್ಟಿದೆ ಅಂತ ಅದಕ್ಕೂ ಗೊತ್ತಿಲ್ಲ. ಪಿ0171 ಬಂತು ಅಂತ ಆಕ್ಸಿಜನ್ ಸೆನ್ಸರ್ ಬದಲಿಸೋದು, ಜ್ವರ ಬಂತು ಅಂತ ಥರ್ಮಾಮೀಟರ್ ಬದಲಿಸಿದ ಹಾಗೆ.

ಕೋಡ್ ಜೊತೆಗೆ ಫ್ರೀಜ್ ಫ್ರೇಮ್ ಅಂತ ಇರುತ್ತೆ. ದೋಷ ದಾಖಲಾದ ಕ್ಷಣದಲ್ಲಿ ಎಂಜಿನ್ ಯಾವ ಸ್ಥಿತಿಯಲ್ಲಿತ್ತು ಅನ್ನೋ ಚಿತ್ರ ಅದು. ಇಲ್ಲಿ ಸಿಕ್ಕಿದ್ದು: ವೇಗ 0, ಆರ್‌ಪಿಎಂ 780, ಕೂಲೆಂಟ್ 92 ಡಿಗ್ರಿ. ಅಂದರೆ ಬಿಸಿಯಾದ ಎಂಜಿನ್, ನಿಂತ ಕಾರು, ಐಡ್ಲಿಂಗ್. ಈ ಒಂದೇ ಸಾಲು ಮುಂದಿನ ಅರ್ಧ ಕೆಲಸವನ್ನು ಉಳಿಸುತ್ತೆ. ಕೋಡ್ ಅಳಿಸಿದರೆ ಈ ಚಿತ್ರವೂ ಹೋಗುತ್ತೆ. ಅದಕ್ಕೇ ಮೊದಲು ಎಲ್ಲವನ್ನೂ ಬರೆದುಕೊಳ್ಳಿ, ಇಲ್ಲವೇ ಸ್ಕ್ರೀನ್‌ಶಾಟ್ ತೆಗೆಯಿರಿ.

ಇನ್ನೊಂದು ಎಚ್ಚರಿಕೆ: ಚೆಕ್ ಲೈಟ್ ಸುಮ್ಮನೆ ಉರಿಯುತ್ತಿದ್ದರೆ ನಿಧಾನಕ್ಕೆ ಮನೆ ಸೇರಬಹುದು. ಮಿನುಗುತ್ತಿದ್ದರೆ ಗಾಡಿ ಪಕ್ಕಕ್ಕೆ ಹಾಕಿ. ಉರಿಯದ ಪೆಟ್ರೋಲ್ ಸೈಲೆನ್ಸರ್ ಕಡೆ ಹೋಗಿ ಕ್ಯಾಟಲಿಟಿಕ್ ಕನ್ವರ್ಟರನ್ನು ಸುಡುತ್ತಿದೆ ಅಂತ ಅದರ ಅರ್ಥ.

ಎರಡನೇ ಹೆಜ್ಜೆ: ಅದಲು ಬದಲು

ಎರಡನೇ ಸಿಲಿಂಡರ್ ಮಿಸ್ ಆಗೋಕೆ ಕಿಡಿ ಇಲ್ಲದಿರಬಹುದು, ಇಂಧನ ಸರಿ ಇಲ್ಲದಿರಬಹುದು, ಕಂಪ್ರೆಷನ್ ಇಲ್ಲದಿರಬಹುದು. ಕಿಡಿಯನ್ನು ಪರೀಕ್ಷಿಸೋಕೆ ಒಂದು ರೂಪಾಯಿಯೂ ಖರ್ಚಿಲ್ಲ. ಎಂಜಿನ್ ಆರಿಸಿ, ತಣ್ಣಗಾದ ಮೇಲೆ ಎರಡನೇ ಸಿಲಿಂಡರಿನ ಕಾಯಿಲನ್ನು ನಾಲ್ಕಕ್ಕೆ, ನಾಲ್ಕರದ್ದನ್ನು ಎರಡಕ್ಕೆ ಹಾಕಿ. ಕಾಯಿಲ್ ಕೆಟ್ಟಿದ್ದರೆ ಮಿಸ್‌ಫೈರ್ ಕಾಯಿಲಿನ ಜೊತೆ ನಾಲ್ಕಕ್ಕೆ ಹೋಗಿ ಪಿ0304 ಬರುತ್ತೆ. ಪ್ಲಗ್ಗಿಗೂ ಹೀಗೇ.

ಈ ಕಾರಿನಲ್ಲಿ ಕಾಯಿಲ್ ಬದಲಾಯಿತು, ಪ್ಲಗ್ ಬದಲಾಯಿತು, ಮಿಸ್‌ಫೈರ್ ಮಾತ್ರ ಎರಡರಲ್ಲೇ ಕೂತಿತು. ಕಿಡಿ ನಿರಪರಾಧಿ.

ಈ ಪರೀಕ್ಷೆ ಇನ್ನೊಂದು ಗೊಂದಲವನ್ನೂ ಕಳೆಯುತ್ತೆ. ಮಿಸ್‌ಫೈರ್ ಆದಾಗ ಆ ಸಿಲಿಂಡರಿನ ಆಮ್ಲಜನಕ ಉರಿಯದೆ ಹಾಗೇ ಹೊರಬರುತ್ತೆ. ಆಕ್ಸಿಜನ್ ಸೆನ್ಸರ್ ಅದನ್ನು ನೋಡಿ "ಲೀನ್" ಅಂತ ವರದಿ ಮಾಡುತ್ತೆ. ಹಾಗಾಗಿ ಎರಡೂ ಕೋಡ್ ಒಟ್ಟಿಗೆ ಬಂದರೆ ಲೀನ್ ಆದ್ದರಿಂದ ಮಿಸ್ ಆಯಿತೋ, ಮಿಸ್ ಆದ್ದರಿಂದ ಲೀನ್ ಕಾಣಿಸಿತೋ ಅಂತ ತಿಳಿಯೋದಿಲ್ಲ. ಕಾಯಿಲ್, ಪ್ಲಗ್ ಎರಡೂ ಚೆನ್ನಾಗಿವೆ ಅಂದ ಮೇಲೆ ಲೀನ್ ಮೂಲ, ಮಿಸ್ ಅದರ ಫಲ ಅನ್ನೋ ಕಡೆಗೆ ತಕ್ಕಡಿ ವಾಲುತ್ತೆ.

ಮೂರನೇ ಹೆಜ್ಜೆ: ಫ್ಯೂಯಲ್ ಟ್ರಿಮ್

ಈಗ ನಿಜವಾದ ಪಾಠ. ಎಂಎಎಫ್ ಸೆನ್ಸರ್ ಒಳಬಂದ ಗಾಳಿಯ ತೂಕ ಹೇಳುತ್ತೆ. ಇಸಿಯು ಅದಕ್ಕೆ ತಕ್ಕಷ್ಟು ಪೆಟ್ರೋಲ್ ಲೆಕ್ಕ ಹಾಕಿ ಕೊಡುತ್ತೆ. ಉರಿದ ಮೇಲೆ ಆಕ್ಸಿಜನ್ ಸೆನ್ಸರ್ ನೋಡಿ "ಇನ್ನೂ ಸ್ವಲ್ಪ ಬೇಕಿತ್ತು" ಅಥವಾ "ಹೆಚ್ಚಾಯಿತು" ಅನ್ನುತ್ತೆ. ಇಸಿಯು ಮಾಡುವ ಆ ತಿದ್ದುಪಡಿಯೇ ಫ್ಯೂಯಲ್ ಟ್ರಿಮ್. ಶಾರ್ಟ್ ಟರ್ಮ್ ಮತ್ತು ಲಾಂಗ್ ಟರ್ಮ್ ಅಂತ ಎರಡು ಸಂಖ್ಯೆ ಇರುತ್ತವೆ, ಎರಡನ್ನೂ ಕೂಡಿಸಬೇಕು. ಮೊತ್ತ ಸೊನ್ನೆಯ ಆಸುಪಾಸಿದ್ದರೆ ಆರೋಗ್ಯ. ಪ್ಲಸ್ ಇದ್ದರೆ ಲೆಕ್ಕಕ್ಕಿಂತ ಹೆಚ್ಚು ಪೆಟ್ರೋಲ್ ಸುರಿಯಬೇಕಾಗುತ್ತಿದೆ. ಅದು ಸುಮಾರು ಶೇ. 20–25 ತಲುಪಿದಾಗ ಪಿ0171 ಬೀಳುತ್ತೆ.

ಒಂದೇ ಸಂಖ್ಯೆ ನೋಡಿ ಏನೂ ತಿಳಿಯೋದಿಲ್ಲ. ಸಂಖ್ಯೆ ಹೇಗೆ ಬದಲಾಗುತ್ತೆ ಅನ್ನೋದರಲ್ಲಿ ಉತ್ತರ ಇದೆ:

– ಐಡ್ಲಿಂಗಿನಲ್ಲಿ ಹೆಚ್ಚು, ಆರ್‌ಪಿಎಂ ಏರಿಸಿದರೆ ಕಡಿಮೆ: ಎಂಎಎಫ್ ದಾಟಿದ ಮೇಲೆ ಎಲ್ಲೋ ಕಳ್ಳಗಾಳಿ ಒಳನುಗ್ಗುತ್ತಿದೆ.
– ಐಡ್ಲಿಂಗಿನಲ್ಲಿ ಸರಿ, ಲೋಡ್ ಏರಿದಷ್ಟೂ ಹೆಚ್ಚು: ಪೆಟ್ರೋಲ್ ಸಾಲುತ್ತಿಲ್ಲ. ಪಂಪ್, ಫಿಲ್ಟರ್ ನೋಡಿ. ಎಂಎಎಫ್ ಕೊಳೆಯಾಗಿದ್ದರೂ ಹೀಗಾಗುತ್ತೆ.
– ಎಲ್ಲ ಕಡೆ ಒಂದೇ ಸಮ: ಇಂಧನದ ಗುಣ ಬದಲಾಗಿದೆ ಅಥವಾ ಪ್ರೆಷರ್ ಒಂದೇ ಪ್ರಮಾಣದಲ್ಲಿ ತಪ್ಪಿದೆ.
– ಮೈನಸ್: ಇಂಜೆಕ್ಟರ್ ತೊಟ್ಟಿಕ್ಕುತ್ತಿರಬಹುದು, ಅಥವಾ ಪ್ರೆಷರ್ ಹೆಚ್ಚಿರಬಹುದು.

ನ್ಯೂಟ್ರಲ್‌ನಲ್ಲಿ, ಹ್ಯಾಂಡ್‌ಬ್ರೇಕ್ ಎಳೆದು, ಬಿಸಿ ಎಂಜಿನ್ನಿನಲ್ಲಿ ಸಿಕ್ಕ ಅಳತೆ ಹೀಗಿತ್ತು. ಐಡ್ಲಿಂಗಿನಲ್ಲಿ ಎಂಎಎಫ್ ಸೆಕೆಂಡಿಗೆ 2.5 ಗ್ರಾಂ, ಒಟ್ಟು ಟ್ರಿಮ್ +24. 2500 ಆರ್‌ಪಿಎಂನಲ್ಲಿ ಎಂಎಎಫ್ ಸೆಕೆಂಡಿಗೆ 8 ಗ್ರಾಂ, ಒಟ್ಟು ಟ್ರಿಮ್ +10. ಮೊದಲ ಗುಂಪಿಗೆ ಸೇರಿತು: ಕಳ್ಳಗಾಳಿ.

ಬೆಂಗಳೂರಿನ ಎರಡು ತಿದ್ದುಪಡಿ

ಇಲ್ಲಿ ನಿಲ್ಲಿ. ಹೊರದೇಶದ ವಿಡಿಯೋ ನೋಡಿ ಕಲಿತವರು ಎಡವುವ ಜಾಗ ಇದು. ನಮ್ಮ ಊರಿಗೆ ಎರಡು ತಿದ್ದುಪಡಿ ಬೇಕು.

ಮೊದಲನೆಯದು ಎತ್ತರ. ಬೆಂಗಳೂರು ಸಮುದ್ರಮಟ್ಟದಿಂದ ಸುಮಾರು 920 ಮೀಟರ್ ಮೇಲಿದೆ. ಸ್ಟ್ಯಾಂಡರ್ಡ್ ಅಟ್ಮಾಸ್ಫಿಯರ್ ಸೂತ್ರದಲ್ಲಿ ಹಾಕಿದರೆ ಇಲ್ಲಿನ ವಾಯುಒತ್ತಡ ಸುಮಾರು 91 ಕಿಲೋಪಾಸ್ಕಲ್, ಸಮುದ್ರಮಟ್ಟದ 101.3 ಅಲ್ಲ. ಕೀ ಆನ್ ಮಾಡಿ, ಎಂಜಿನ್ ಸ್ಟಾರ್ಟ್ ಮಾಡದೆ ನೋಡಿದಾಗ ಮ್ಯಾನಿಫೋಲ್ಡ್ ಒತ್ತಡದ ಎಂಎಪಿ ಸೆನ್ಸರ್ 91 ತೋರಿಸಿದರೆ ಅದು ಸರಿಯಾಗಿದೆ ಅಂತಲೇ ಅರ್ಥ. ವ್ಯಾಕ್ಯೂಮ್ ಗೇಜ್ ಬಳಸುವವರು ಪುಸ್ತಕದ ಸಂಖ್ಯೆಯಿಂದ 3 ಇಂಚು ಪಾದರಸ ಕಳೆಯಿರಿ. ಕಂಪ್ರೆಷನ್ ಗೇಜಿನಲ್ಲೂ ಹಾಗೇ: ಕೈಪಿಡಿಯಲ್ಲಿ 12 ಬಾರ್ ಅಂತಿದ್ದರೆ ಇಲ್ಲಿ ಸುಮಾರು 10.8 ನಿರೀಕ್ಷಿಸಬೇಕು. ಚೆನ್ನೈನಲ್ಲಿ ಪಾಸಾದ ಎಂಜಿನ್ ಯಶವಂತಪುರದಲ್ಲಿ ಫೇಲ್ ಆಗಬಾರದು!

ಎರಡನೆಯದು ಎಥನಾಲ್. ಇ20 ಪೆಟ್ರೋಲಿಗೆ ಚಾಲನೆ ಸಿಕ್ಕಿದ್ದೇ ನಮ್ಮ ಉತ್ತರ ಭಾಗದಲ್ಲಿ. 2023ರ ಫೆಬ್ರವರಿ 6ರಂದು ತುಮಕೂರು ರಸ್ತೆಯ ಅಂತರರಾಷ್ಟ್ರೀಯ ವಸ್ತುಪ್ರದರ್ಶನ ಕೇಂದ್ರದಲ್ಲಿ, ಇಂಡಿಯಾ ಎನರ್ಜಿ ವೀಕ್ ಕಾರ್ಯಕ್ರಮದಲ್ಲಿ. ಈಗ ಬಂಕಿನಲ್ಲಿ ಸಾಮಾನ್ಯವಾಗಿ ಸಿಗೋದೇ ಅದು. ಶುದ್ಧ ಪೆಟ್ರೋಲ್ ಪೂರ್ತಿ ಉರಿಯೋಕೆ ತನ್ನ ತೂಕದ 14.7 ಪಟ್ಟು ಗಾಳಿ ಬೇಕು, ಎಥನಾಲಿಗೆ 9 ಪಟ್ಟು ಸಾಕು. ಸಾಂದ್ರತೆ ಸೇರಿಸಿ ಲೆಕ್ಕ ಹಾಕಿದರೆ ಒಂದು ಲೀಟರ್ ಶುದ್ಧ ಪೆಟ್ರೋಲಿಗೆ ಸುಮಾರು 10.95 ಕಿಲೋ ಗಾಳಿ, ಇ10ಕ್ಕೆ 10.57, ಇ20ಕ್ಕೆ 10.18. ಅಂದರೆ ಅದೇ ಗಾಳಿಗೆ ಇ10ಕ್ಕಿಂತ ಇ20 ಸುಮಾರು ಶೇ. 4 ಹೆಚ್ಚು ಬೇಕು, ಶುದ್ಧ ಪೆಟ್ರೋಲಿಗಿಂತ ಶೇ. 7.5 ಹೆಚ್ಚು. ಹಳೆಯ ಕಾರನ್ನು ಯಾವ ಇಂಧನಕ್ಕೆ ಹೊಂದಿಸಿದ್ದರು ಅನ್ನೋದರ ಮೇಲೆ, ಏನೂ ಕೆಡದಿದ್ದರೂ ಟ್ರಿಮ್ +4ರಿಂದ +8ರವರೆಗೆ ನಿಲ್ಲಬಹುದು. ಅದನ್ನು ರೋಗ ಅಂದುಕೊಂಡು ಬೆನ್ನಟ್ಟಬೇಡಿ.

ನಾಲ್ಕನೇ ಹೆಜ್ಜೆ: ತೂತಿನ ಗಾತ್ರ ಎಷ್ಟು?

ಈಗ ನಮ್ಮ ಹತ್ತಿರ ಎರಡು ಅಳತೆ ಇವೆ, ಎರಡು ಅಜ್ಞಾತಗಳಿವೆ. ಕಳ್ಳಗಾಳಿಯ ಪ್ರಮಾಣವನ್ನು ಸೆಕೆಂಡಿಗೆ 'ಸೋ' ಗ್ರಾಂ ಅನ್ನೋಣ. ಎಥನಾಲಿನಿಂದ ಬರುವ ಸ್ಥಿರ ಭಾಗವನ್ನು 'ಎ' ಅನ್ನೋಣ.

'ಸೋ' ಎರಡೂ ಸ್ಥಿತಿಯಲ್ಲಿ ಒಂದೇ ಇರುತ್ತಾ? ಇರುತ್ತೆ, ಮತ್ತು ಅದಕ್ಕೆ ಕಾರಣ ನಾಲ್ಕನೇ ಸೆಮಿಸ್ಟರಿನಲ್ಲಿ ಓದಿದ್ದೇ. ತೂತಿನ ಆಚೆ ಈಚೆಯ ಒತ್ತಡದ ಅನುಪಾತ 0.528ಕ್ಕಿಂತ ಕೆಳಗಿಳಿದರೆ ಗಾಳಿ ಶಬ್ದದ ವೇಗ ತಲುಪಿ ಹರಿವು ಚೋಕ್ ಆಗುತ್ತೆ, ಒಳಗೆ ಇನ್ನೆಷ್ಟು ಎಳೆದರೂ ಹೆಚ್ಚೋದಿಲ್ಲ. ನಮ್ಮ 91ಕ್ಕೆ ಆ ಗಡಿ 48 ಕಿಲೋಪಾಸ್ಕಲ್. ಐಡ್ಲಿಂಗಿನಲ್ಲಿ ಮ್ಯಾನಿಫೋಲ್ಡ್ ಒತ್ತಡ 36 ಇತ್ತು, ಲೋಡ್ ಇಲ್ಲದ 2500ರಲ್ಲಿ 32. ಎರಡೂ ಗಡಿಯ ಕೆಳಗೆ. ಹಾಗಾಗಿ:

ಐಡ್ಲಿಂಗ್: ಸೋ ÷ 2.5 + ಎ = 0.24
2500 ಆರ್‌ಪಿಎಂ: ಸೋ ÷ 8 + ಎ = 0.10

ಒಂದರಿಂದ ಇನ್ನೊಂದನ್ನು ಕಳೆದರೆ ಸೋ × 0.275 = 0.14. ಸೋ = 0.51. ಎ = 0.036.

ನೋಡಿ, 'ಎ' ಶೇ. 3.6 ಬಂತು. ಇ10ಕ್ಕೆ ಹೊಂದಿಸಿದ ಕಾರಿಗೆ ಇ20 ಹಾಕಿದರೆ ಬರಬೇಕಾದ ಶೇ. 4ಕ್ಕೆ ಬಹಳ ಹತ್ತಿರ. ಲೆಕ್ಕ ದಾರಿ ತಪ್ಪಿಲ್ಲ ಅನ್ನೋ ಧೈರ್ಯ ಇಲ್ಲಿ ಸಿಗುತ್ತೆ. ಐಡ್ಲಿಂಗಿನ ಮಿಸ್‌ಫೈರ್ ಟ್ರಿಮ್ಮನ್ನು ಸ್ವಲ್ಪ ಕದಲಿಸುತ್ತೆ, ಆದ್ದರಿಂದ ಇದು ಅಂದಾಜು ಉತ್ತರ. ನಮಗೆ ಅಷ್ಟು ಸಾಕು.

ಇನ್ನು ತೂತಿನ ಗಾತ್ರ. ಚೋಕ್ ಆದ ಹರಿವಿನ ಸೂತ್ರದಲ್ಲಿ 91 ಕಿಲೋಪಾಸ್ಕಲ್, 300 ಕೆಲ್ವಿನ್ ಹಾಕಿದರೆ ಪ್ರತಿ ಚದರ ಮಿಲಿಮೀಟರಿಗೆ ಸೆಕೆಂಡಿಗೆ ಸುಮಾರು 0.21 ಗ್ರಾಂ ಗಾಳಿ ನುಗ್ಗುತ್ತೆ. ಡಿಸ್‌ಚಾರ್ಜ್ ಕೋಎಫಿಷಿಯೆಂಟ್ 0.7 ಅಂತ ಹಿಡಿದರೆ 0.51 ಗ್ರಾಂಗೆ ಬೇಕಾದ ಜಾಗ ಸುಮಾರು 3.4 ಚದರ ಮಿಲಿಮೀಟರ್. ದುಂಡಗಿದ್ದರೆ ಎರಡು ಮಿಲಿಮೀಟರ್ ವ್ಯಾಸದ ತೂತು!

ಅಂದರೆ ಹುಡುಕಬೇಕಾದ್ದು ಕಳಚಿಬಿದ್ದ ದೊಡ್ಡ ಪೈಪನ್ನಲ್ಲ. ಬಗ್ಗಿ ನೋಡಿದರೂ ಕಾಣದ ಒಂದು ಸೀಳನ್ನು.

ಐದನೇ ಹೆಜ್ಜೆ: ಟರ್ಬೊ ವಿಚಾರಣೆ

ಟರ್ಬೊ ಹೋಗಿದೆ ಅಂದಿದ್ದರಲ್ಲ, ಆ ಮಾತನ್ನೂ ಗೌರವದಿಂದಲೇ ಪರೀಕ್ಷಿಸಬೇಕು. ಇದಕ್ಕೆ ರಸ್ತೆ ಬೇಕು. ಒಬ್ಬರು ಓಡಿಸಬೇಕು, ಇನ್ನೊಬ್ಬರು ಪಕ್ಕದಲ್ಲಿ ಕೂತು ಮೊಬೈಲಿನಲ್ಲಿ ರೆಕಾರ್ಡ್ ಮಾಡಬೇಕು. ಓಡಿಸುವವರು ಸ್ಕ್ರೀನ್ ನೋಡುವಂತಿಲ್ಲ. ಮೂರನೇ ಗೇರಿನಲ್ಲಿ ವೇಗಮಿತಿಯೊಳಗೆ ಒಂದು ಎಳೆತ ಸಾಕು. ಏರ್‌ಪೋರ್ಟ್ ರಸ್ತೆಯಲ್ಲಿ ನೂರು ದಾಟಿಸೋದು ಪರೀಕ್ಷೆ ಅಲ್ಲ, ಶೋಕಿ. ಇನ್ನೊಂದು: ಬ್ರೇಕ್ ಬಗ್ಗೆ ಸಣ್ಣ ಅನುಮಾನ ಇದ್ದರೂ ರಸ್ತೆಗಿಳಿಯುವ ಮೊದಲು ಅದನ್ನು ನಿಂತಲ್ಲೇ ಪರೀಕ್ಷಿಸಿ, ವಿಧಾನ ಕೆಳಗಿದೆ. ಈ ಕಾರಿನಲ್ಲಿ ಎಳೆತದ ದಾಖಲೆ ಅವರ ಮೊಬೈಲಿನಲ್ಲಿ ಮೊದಲೇ ಇತ್ತು, ಆದ್ದರಿಂದ ಮತ್ತೆ ಓಡಿಸಬೇಕಾಗಲಿಲ್ಲ.

ಎಳೆಯುವಾಗ ಎಂಎಪಿ 150 ಕಿಲೋಪಾಸ್ಕಲ್ ದಾಟಿ ಅಲ್ಲೇ ನಿಂತಿತ್ತು. ಹೊರಗಿನ 91 ಕಳೆದರೆ ಸುಮಾರು 0.6 ಬಾರ್ ಬೂಸ್ಟ್. ಟರ್ಬೊ ಕೆಲಸ ಮಾಡುತ್ತಿದೆ, ಇಂಟರ್‌ಕೂಲರ್ ಪೈಪುಗಳೂ ಹಿಡಿದಿವೆ.

ಎಂಜಿನ್ ಬಿಚ್ಚುವ ಮಾತಿಗೆ ಕಂಪ್ರೆಷನ್ ಪರೀಕ್ಷೆ ಉತ್ತರ. ಇಂಧನ ಮತ್ತು ಇಗ್ನಿಷನ್ ಕಳಚಿ, ಎಲ್ಲ ಪ್ಲಗ್ ತೆಗೆದು, ಆಕ್ಸಿಲರೇಟರ್ ಪೂರ್ತಿ ಒತ್ತಿ, ಒಳ್ಳೆ ಬ್ಯಾಟರಿಯಲ್ಲಿ ಕ್ರ್ಯಾಂಕ್ ಮಾಡಬೇಕು. ಸಿಕ್ಕಿದ್ದು 10.6, 10.4, 10.7, 10.5 ಬಾರ್. ಒಟ್ಟು ಸಂಖ್ಯೆಗಿಂತ ನಾಲ್ಕರ ನಡುವಿನ ಸಾಮ್ಯ ಮುಖ್ಯ. ಇಲ್ಲಿ ವ್ಯತ್ಯಾಸ ಶೇ. 3ರೊಳಗೆ. ಎರಡನೇ ಸಿಲಿಂಡರಿನ ರಿಂಗ್, ವಾಲ್ವ್ ಎಲ್ಲ ಸುಭದ್ರ.

ಆರನೇ ಹೆಜ್ಜೆ: ಸೋರುತ್ತೆ, ಆದರೆ ಬೂಸ್ಟ್‌ನಲ್ಲಿ ಸೋರಲ್ಲ

ಈಗ ಒಂದು ವಿಚಿತ್ರ ಉಳಿಯಿತು. ಮ್ಯಾನಿಫೋಲ್ಡಿಗೆ ತೂತಿದ್ದರೆ ಐಡ್ಲಿಂಗಿನಲ್ಲಿ ಗಾಳಿ ಒಳಗೆ ಬರಬೇಕು, ಬೂಸ್ಟ್‌ನಲ್ಲಿ ಅದೇ ತೂತಿಂದ ಹೊರಗೆ ಹೋಗಬೇಕು. ಹೊರಗೆ ಹೋದರೆ ಎಂಎಎಫ್ ಅಳೆದ ಗಾಳಿ ಸಿಲಿಂಡರಿಗೆ ತಲುಪದೆ ಮಿಶ್ರಣ ರಿಚ್ ಆಗಬೇಕು, ಎಳೆಯುವಾಗ ಸದ್ದು ಜೋರಾಗಬೇಕು. ಇಲ್ಲಿ ಹಾಗಾಗಿಲ್ಲ. ಸುಯ್ ಸದ್ದು ಇರೋದು ನಿಂತಾಗ ಮಾತ್ರ.

ಒಳಗೆ ಬಿಡುತ್ತೆ, ಹೊರಗೆ ಬಿಡಲ್ಲ. ಇದು ವಾಲ್ವಿನ ಗುಣ. ಅಂದರೆ ತೂತು ಒಂದು ಒನ್‌ವೇ ವಾಲ್ವಿನ ಆಚೆ ಇರಬೇಕು. ಟರ್ಬೊ ಎಂಜಿನ್ನಿನ ಮ್ಯಾನಿಫೋಲ್ಡಿಗೆ ಒನ್‌ವೇ ವಾಲ್ವ್ ಮೂಲಕ ಸೇರುವ ಪೈಪುಗಳು ಮುಖ್ಯವಾಗಿ ಮೂರು: ಕ್ರ್ಯಾಂಕ್‌ಕೇಸಿನ ಬ್ರೀದರ್ ಪೈಪು, ಪೆಟ್ರೋಲ್ ಟ್ಯಾಂಕಿನ ಆವಿ ತರುವ ಪೈಪು, ಮತ್ತು ಬ್ರೇಕ್ ಬೂಸ್ಟರಿನ ವ್ಯಾಕ್ಯೂಮ್ ಪೈಪು.

ಅಕ್ಕ ಸುಮ್ಮನೆ ಸೇರಿಸಿದ್ದ ನಾಲ್ಕನೇ ಮಾತು ಈಗ ನೆನಪಿಗೆ ಬರುತ್ತೆ: ಬ್ರೇಕ್ ಒಂದೊಂದ್ಸಲ ಗಟ್ಟಿ. "ಯಾವಾಗ ಗಟ್ಟಿ ಅನ್ಸುತ್ತೆ ಅಕ್ಕ?" ಅಂತ ಕೇಳಿದರೆ ಯೋಚಿಸಿ ಹೇಳಿದರು, "ಫ್ಲೈಓವರ್ ಹತ್ತಿ ಚೆನ್ನಾಗಿ ಎಳೆದ ಮೇಲೆ, ಇಳಿಯೋವಾಗ ಮೊದಲ ಸಲ ಒತ್ತಿದ್ರೆ."

ಬೂಸ್ಟರ್ ಕೆಲಸ ಮಾಡೋದು ವ್ಯಾಕ್ಯೂಮಿನಿಂದ. ಎಂಜಿನ್ ಬೂಸ್ಟ್‌ನಲ್ಲಿರುವಾಗ ಮ್ಯಾನಿಫೋಲ್ಡಿನಲ್ಲಿ ವ್ಯಾಕ್ಯೂಮ್ ಇರೋದಿಲ್ಲ. ಆಗ ಒನ್‌ವೇ ವಾಲ್ವ್ ಮುಚ್ಚಿಕೊಂಡು, ಬೂಸ್ಟರಿನೊಳಗೆ ಇದ್ದ ವ್ಯಾಕ್ಯೂಮನ್ನು ಕಾಪಾಡಬೇಕು. ವಾಲ್ವಿನ ಆಚೆ ಪೈಪಿನಲ್ಲೇ ಸೀಳಿದ್ದರೆ ಆ ಉಳಿತಾಯ ಕೆಲವೇ ಸೆಕೆಂಡಿನಲ್ಲಿ ಖಾಲಿ. ಏರಿನಲ್ಲಿ ಜೋರಾಗಿ ಎಳೆದು, ಇಳಿಜಾರಿನಲ್ಲಿ ಮುಂದೆ ಬಸ್ ನಿಂತಿದ್ದು ಕಂಡು ಬ್ರೇಕ್ ಒತ್ತುವ ಆ ಒಂದು ಕ್ಷಣದಲ್ಲೇ ಸಹಾಯ ಇರೋದಿಲ್ಲ. ಪ್ಯಾಡ್ ಹೊಸದಾಗಿದ್ದರೂ ಅಷ್ಟೇ, ಟರ್ಬೊ ಹೊಸದಾಗಿದ್ದರೂ ಅಷ್ಟೇ. ಎರಡು ತಿಂಗಳ ಸಂಬಳ ಕೊಟ್ಟು ಟರ್ಬೊ ಹಾಕಿಸಿದ್ದರೂ ಈ ಅಪಾಯ ಹಾಗೇ ಕಾರಿನಲ್ಲಿ ಓಡಾಡುತ್ತಿತ್ತು.

ನಿಂತಲ್ಲೇ ಮಾಡುವ ಪರೀಕ್ಷೆ ಸರಳ. ಎಂಜಿನ್ ಆರಿಸಿ ಪೆಡಲನ್ನು ಐದಾರು ಸಲ ಒತ್ತಿ ವ್ಯಾಕ್ಯೂಮ್ ಖಾಲಿ ಮಾಡಿ, ಕಾಲು ಅಲ್ಲೇ ಇಟ್ಟು ಸ್ಟಾರ್ಟ್ ಮಾಡಿ. ಪೆಡಲ್ ಸ್ವಲ್ಪ ಕೆಳಗಿಳಿದರೆ ಬೂಸ್ಟರಿಗೆ ವ್ಯಾಕ್ಯೂಮ್ ತಲುಪುತ್ತಿದೆ. ಆಮೇಲೆ ಎಂಜಿನ್ ಆರಿಸಿ ಒಂದೆರಡು ನಿಮಿಷ ಬಿಟ್ಟು ಒತ್ತಿ. ಆರೋಗ್ಯವಾಗಿದ್ದರೆ ಒಂದೆರಡು ಸಲವಾದರೂ ಮೆತ್ತಗಿರಬೇಕು. ಇಲ್ಲಿ ಮೊದಲ ಒತ್ತಿಗೇ ಕಲ್ಲಿನಂತಿತ್ತು.

ಕೊನೆಯ ಸಾಕ್ಷಿ: ಎಂಜಿನ್ ಐಡ್ಲಿಂಗಿನಲ್ಲಿದ್ದಾಗ, ಕಾರು ನಿಂತಿರುವಾಗ ಮಾತ್ರ, ರಬ್ಬರ್ ಪೈಪನ್ನು ಮ್ಯಾನಿಫೋಲ್ಡ್ ಮತ್ತು ವಾಲ್ವ್ ನಡುವೆ ಪೈಪ್ ಕ್ಲ್ಯಾಂಪಿನಿಂದ ಮೆಲ್ಲಗೆ ಒತ್ತಿದಾಗ ಸದ್ದು ನಿಂತಿತು, ಕುಣಿಯುತ್ತಿದ್ದ ಸೂಜಿ ನಿಂತಿತು, ಶಾರ್ಟ್ ಟರ್ಮ್ ಟ್ರಿಮ್ ಕಣ್ಣೆದುರೇ ಇಳಿಯಿತು. ಪೈಪು ಕಳಚಿ ತಿರುಗಿಸಿದರೆ ಬೂಸ್ಟರ್ ಕಡೆಯ ಕ್ಲ್ಯಾಂಪಿನ ಪಕ್ಕದಲ್ಲಿ, ಕೆಳಮುಖವಾಗಿ, ಏಳು ಮಿಲಿಮೀಟರ್ ಉದ್ದದ ಒಂದು ಸೀಳು. ಅಗಲ ಅರ್ಧ ಮಿಲಿಮೀಟರ್ ಇದ್ದೀತು. ಗುಣಿಸಿ ನೋಡಿ: 3.5 ಚದರ ಮಿಲಿಮೀಟರ್.

ಎರಡನೇ ಸಿಲಿಂಡರ್ ಮಾತ್ರ ಯಾಕೆ ಮಿಸ್ ಆಗುತ್ತಿತ್ತು? ಆ ಪೈಪು ಮ್ಯಾನಿಫೋಲ್ಡಿಗೆ ಸೇರುವ ಜಾಗ ಎರಡನೇ ರನ್ನರಿನ ಬಾಯಲ್ಲೇ ಇದೆ. ಕಳ್ಳಗಾಳಿಯ ದೊಡ್ಡ ಪಾಲು ಅದಕ್ಕೇ ಹೋಗುತ್ತಿತ್ತು.

ಸರಿಯಾಯಿತು ಅಂತ ಹೇಳೋದು ಹೇಗೆ?

ಹೊಸ ಪೈಪು, ಎರಡು ಕ್ಲ್ಯಾಂಪು. ಆರ್‌ಟಿ ನಗರದ ಒಬ್ಬ ಮೆಕ್ಯಾನಿಕ್ ಅಣ್ಣ ಹಾಕಿಕೊಟ್ಟರು, ಎಲ್ಲ ಸೇರಿ ಎರಡು ಸಾವಿರದೊಳಗೆ ಮುಗಿಯಿತು. ಆದರೆ ಲೈಟ್ ಆರಿತು ಅಂತ ಕೆಲಸ ಮುಗಿಯೋದಿಲ್ಲ. ಕೋಡ್ ಅಳಿಸಿದರೆ ಯಾವ ಕಾರಿನ ಲೈಟೂ ಆರುತ್ತೆ. ಮೊದಲು ಮಾಡಿದ ಅಳತೆಗಳನ್ನೇ ಮತ್ತೆ ಮಾಡಬೇಕು: ಐಡ್ಲಿಂಗಿನಲ್ಲಿ ಟ್ರಿಮ್ +4, 2500ರಲ್ಲಿ +4, ಎಂಜಿನ್ ಆರಿಸಿದ ಮೇಲೂ ಪೆಡಲ್ ಎರಡು ಸಲ ಮೆತ್ತಗೆ. ಉಳಿದ +4 ಎಥನಾಲಿನದು, ಅದನ್ನು ಮುಟ್ಟುವ ಅಗತ್ಯ ಇಲ್ಲ.

ನಿಮ್ಮ ಕಾರಿನಲ್ಲಿ ಎಂಎಎಫ್ ಇಲ್ಲದೆ ಬರೀ ಎಂಎಪಿ ಇದ್ದರೆ ಈ ಸಮೀಕರಣ ನೇರವಾಗಿ ನಡೆಯೋದಿಲ್ಲ. ಅಂಥ ಕಾರಿನಲ್ಲಿ ಕಳ್ಳಗಾಳಿಯೂ ಮ್ಯಾನಿಫೋಲ್ಡ್ ಒತ್ತಡದಲ್ಲಿ ಲೆಕ್ಕಕ್ಕೆ ಸಿಗುತ್ತೆ. ಆದ್ದರಿಂದ ಟ್ರಿಮ್ ಹೆಚ್ಚು ಕದಲದೆ ಐಡ್ಲಿಂಗ್ ಆರ್‌ಪಿಎಂ ಅಥವಾ ಎಂಎಪಿ ಏರಿರುತ್ತೆ. ಸೂತ್ರ ಹಾಕುವ ಮೊದಲು ನಿಮ್ಮ ಎಂಜಿನ್ ಗಾಳಿಯನ್ನು ಹೇಗೆ ಅಳೆಯುತ್ತೆ ಅಂತ ತಿಳಿದುಕೊಳ್ಳಿ.

ಕೊಳ್ಳುವ ಮೊದಲೇ ನೋಡಬೇಕಾದ್ದು

ಕೋಡ್ ಅಳಿಸಿ ಮಾರುವುದು ಸುಲಭ. ಹಾಗೆ ಮಾಡಿದ್ದು ಗೊತ್ತಾಗೋದೂ ಸುಲಭ. ಅಳಿಸಿದಾಗ ಇಸಿಯು ತನ್ನ ಸ್ವಯಂ ಪರೀಕ್ಷೆಗಳನ್ನೂ ಮರೆಯುತ್ತೆ. ಆ್ಯಪಿನಲ್ಲಿ ರೆಡಿನೆಸ್ ಮಾನಿಟರ್ ಅನ್ನೋ ಪುಟ ತೆರೆಯಿರಿ. ದಿನಾ ಓಡುವ ಕಾರು ಅಂತ ಹೇಳಿ, ಹಲವು ಮಾನಿಟರ್ "ಅಪೂರ್ಣ" ಅಂತ ತೋರಿಸಿದರೆ ಇತ್ತೀಚೆಗೆ ಯಾರೋ ಅಳಿಸಿದ್ದಾರೆ, ಇಲ್ಲವೇ ಬ್ಯಾಟರಿ ಕಳಚಿದ್ದಾರೆ. ಕೋಡ್ ಅಳಿಸಿದ ಮೇಲೆ ಎಷ್ಟು ಕಿಲೋಮೀಟರ್ ಓಡಿದೆ ಅನ್ನೋ ಸಂಖ್ಯೆಯೂ ಬಹಳಷ್ಟು ಕಾರುಗಳಲ್ಲಿ ಸಿಗುತ್ತೆ. ಅದು 12 ಅಂತ ಇದ್ದರೆ ಅಡ್ವಾನ್ಸ್ ಕೊಡುವ ಮೊದಲು ಒಂದು ವಾರ ಕಾಯಿರಿ. ನೀವು ಮುಂದೆ ಮಾರುವಾಗಲೂ ಇದು ನೆನಪಿರಲಿ. ಅಳಿಸಿ ಕೊಟ್ಟ ಕೋಡಿನ ಹಿಂದೆ ಕೊಳ್ಳುವವರ ಬ್ರೇಕ್ ಇರಬಹುದು.

ಕಾರು ಕೆಟ್ಟ ಮೇಲೆ ಅಳೆಯೋದಕ್ಕಿಂತ ಚೆನ್ನಾಗಿರುವಾಗ ಅಳೆದಿಡೋದು ಇನ್ನೂ ಒಳ್ಳೆಯದು. ಮನೆಯಲ್ಲಿ ಯಾವ ಪೆಟ್ರೋಲ್ ಕಾರಿದ್ದರೂ ಸರಿ, ಈ ವಾರಾಂತ್ಯ ಆರು ಸಂಖ್ಯೆ ಬರೆದಿಡಿ: ಕೀ ಆನ್ ಮಾಡಿದಾಗಿನ ಎಂಎಪಿ, ಐಡ್ಲಿಂಗಿನ ಎಂಎಪಿ, ಐಡ್ಲಿಂಗಿನ ಎಂಎಎಫ್, 2500ರ ಎಂಎಎಫ್, ಎರಡೂ ಕಡೆಯ ಒಟ್ಟು ಟ್ರಿಮ್. ದಿನಾಂಕ, ಕಿಲೋಮೀಟರ್, ಯಾವ ಬಂಕಿನ ಪೆಟ್ರೋಲ್ ಅಂತಲೂ ಸೇರಿಸಿ. ಆರ್‌ಸಿ ಜೊತೆ ಗ್ಲೋವ್ ಬಾಕ್ಸಿನಲ್ಲಿಡಿ. ಮುಂದೆ ಯಾರಾದರೂ "ಟರ್ಬೊ ಹೋಗಿದೆ" ಅಂದ ದಿನ ಆ ಚೀಟಿ ಕೆಲಸಕ್ಕೆ ಬರುತ್ತೆ.